ಮಿಲ್ಟ್ರಿ ಜರ್ಕಿನ್: ಬಳಕೆದಾರರ ಕೈಪಿಡಿ (ಗುಂಡ್ಲುಪೇಟೆ ಆವೃತ್ತಿ)

ಮೊದಲು ಓದಿಕೊಳ್ಳಿ

ಮಿಲ್ಟ್ರಿ ಜರ್ಕಿನ್ ಕೊಂಡದ್ದಕ್ಕೆ ತಮಗೆ ಅಭಿನಂದನೆಗಳು. ತಮ್ಮ ಕೈಲಿರುವುದು ಸೇನೆಯ ಉಡುಪಲ್ಲ, ಸೇನೆಯದರ ಹಾಗೆ ಕಾಣುವ ಉಡುಪು. ಈ ವ್ಯತ್ಯಾಸ ತಿಳಿಯದವರು ಹತ್ತಿರದ ಮಿಲಿಟರಿ ಹೋಟೆಲಿಗೆ ಹೋಗಿ, ಮುದ್ದೆಗೂ ಬೋಟಿ ಗೊಜ್ಜಿಗೂ ಹೇಳಿ, ಅದು ಬರುವವರೆಗೆ ಸುತ್ತ ಒಮ್ಮೆ ಕಣ್ಣಾಡಿಸಬೇಕು. ಅಲ್ಲಿ ಎಷ್ಟು ಮಿಲಿಟರಿ ಇದೆಯೋ ಈ ಜರ್ಕಿನ್ನಿನಲ್ಲೂ ಅಷ್ಟೇ ಇದೆ. ಹಾಗೆಂದು ಅಲ್ಲಿಯ ಮುದ್ದೆ ಯಾರಿಗೂ ರುಚಿಸದೆ ಹೋಗಿಲ್ಲ.

ಕೈಪಿಡಿಯ ಈ ಆವೃತ್ತಿ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗೆ ಮಾತ್ರ ಅನ್ವಯ. ಈ ಸೀಮೆಗೆ ಶೌರ್ಯ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಡುವ ಮೊದಲು ಚಾಮರಾಜನಗರದ ಹೆಸರು ಅರಿಕುಠಾರ. ಅಂದರೆ ಶತ್ರುಗಳ ಪಾಲಿನ ಕೊಡಲಿ. ಈಚಿನ ದಶಕಗಳಲ್ಲಿ ಆ ಕೊಡಲಿ ಇಲ್ಲಿಗೆ ಬಂದ ಮುಖ್ಯಮಂತ್ರಿಗಳ ಕುರ್ಚಿಯ ಕಾಲಿಗೆ ಬೀಳುತ್ತದೆ ಎಂಬ ನಂಬಿಕೆ ಹುಟ್ಟಿ, ಗಟ್ಟಿಗರೆನಿಸಿಕೊಂಡವರೂ ಊರಿಗೆ ಕಾಲಿಡದೆಯೇ ರಾಜ್ಯ ಆಳಿದರು. ಇಂಥ ಊರಿನ ಬಸ್ ಸ್ಟ್ಯಾಂಡಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಜರ್ಕಿನ್ ತೊಟ್ಟು ನಿಲ್ಲುವ ತಾವು ಸಾಮಾನ್ಯರಲ್ಲ.

1. ಭಾಗಗಳ ಪರಿಚಯ

ಈ ವಂಶದ ಮೂಲಪುರುಷ ಅಮೆರಿಕದ ಸೇನೆ 1965ರಲ್ಲಿ ತಂದ ಎಂ-65. ಮುಂಭಾಗದ ನಾಲ್ಕು ಜೇಬು 1943ರ ಅಜ್ಜನಿಂದ ಬಂದ ಪಿತ್ರಾರ್ಜಿತ. ವಿಯೆಟ್ನಾಂ ಯುದ್ಧದಿಂದ ಮರಳಿದ ಹುಡುಗರ ಜೊತೆ ಅದೂ ಊರು ಸೇರಿತು, ಅಗ್ಗದ ಅಂಗಡಿಗಳಿಗೆ ಬಂತು, ಯುದ್ಧವೇ ಬೇಡವೆಂದು ಮೆರವಣಿಗೆ ಹೋದವರ ಮೈಮೇಲೂ ಏರಿತು. 1976ರ ‘ಟ್ಯಾಕ್ಸಿ ಡ್ರೈವರ್’ನಲ್ಲಿ ರಾಬರ್ಟ್ ಡಿ ನಿರೋ, 1982ರ ‘ಫಸ್ಟ್ ಬ್ಲಡ್’ನಲ್ಲಿ ಸಿಲ್ವೆಸ್ಟರ್ ಸ್ಟಲೋನ್ ಅದನ್ನು ತೊಟ್ಟರು. ಎರಡೂ ಚಿತ್ರಗಳಲ್ಲಿ ನಾಯಕ ಯುದ್ಧ ಮುಗಿಸಿ ಬಂದು ಊರಿಗೆ ಒಗ್ಗದೆ ಒದ್ದಾಡುವವನು. ನೋಡಿದವರು ಒದ್ದಾಟವನ್ನು ಥಿಯೇಟರಿನಲ್ಲೇ ಬಿಟ್ಟು ಜರ್ಕಿನ್ನನ್ನು ಮಾತ್ರ ಮನೆಗೆ ತಂದರು.

ಕಾಲರ್: ಇದರೊಳಗೆ ತೆಳ್ಳನೆಯ ಟೋಪಿಯೊಂದು ಸುರುಳಿ ಸುತ್ತಿಕೊಂಡಿದೆ. ಜಿಪ್ಪೆಳೆದರೆ ಹೊರಬರುತ್ತದೆ. ಮತ್ತೆ ಒಳಗೆ ಹೋಗುವುದಿಲ್ಲ.

ಭುಜಪಟ್ಟಿ: ಹುದ್ದೆಯ ಗುರುತು ಸಿಕ್ಕಿಸಲು. ತಮಗೆ ಹುದ್ದೆ ಇಲ್ಲದ್ದರಿಂದ ಬ್ಯಾಗಿನ ಪಟ್ಟಿ ಜಾರದಂತೆ ತಡೆಯಲು.

ಸೊಂಟದ ಲಾಡಿ: ಗಾಳಿ ನುಗ್ಗದಂತೆ ಬಿಗಿಯಲು. ಊಟಕ್ಕೆ ಮುನ್ನ ಸಡಿಲಿಸಿ.

ಗುಂಡಿಯ ಅಸ್ತರ್: ಕಡು ಚಳಿಗೆ. ಕೊಂಡ ದಿನವೇ ಬಿಚ್ಚಿ ಬೀರುವಿನಲ್ಲಿಟ್ಟು ಮರೆಯಿರಿ.

ಇಂಗ್ಲಿಷಿನವರು ಇದನ್ನು ಫೀಲ್ಡ್ ಜಾಕೆಟ್ ಎನ್ನುತ್ತಾರೆ. ಅವರ ಫೀಲ್ಡು ರಣರಂಗ. ಗುಂಡ್ಲುಪೇಟೆಯಲ್ಲಿ ಫೀಲ್ಡ್ ಎಂದರೆ ಹೊಲ. ಈ ಗೊಂದಲದ ಪರಿಣಾಮ ಎಂಟನೇ ಅಧ್ಯಾಯದಲ್ಲಿದೆ.

2. ಅಸಲಿ, ಪಡಿಯಚ್ಚು ಮತ್ತು ಲೂಧಿಯಾನ

ಮಾರುಕಟ್ಟೆಯಲ್ಲಿ ಮೂರು ಜಾತಿ. ಮೊದಲನೆಯದು ಅಸಲಿ ಹಳೆಯದು. ಪತ್ತೆ ಮಾಡಲು ಒಳಗಿನ ಚೀಟಿ ಓದಿ. ಗುತ್ತಿಗೆ ಸಂಖ್ಯೆ ‘ಡಿಎಸ್ಎ-100’ ಎಂದು ಶುರುವಾಗಿ ಮುಂದೆ 67 ಎಂದಿದ್ದರೆ ಅದು 1967ರ ಗುತ್ತಿಗೆಯ ಮಾಲು. ಡಿಎಸ್ಎ ಎಂಬ ಅಮೆರಿಕದ ರಕ್ಷಣಾ ಸರಬರಾಜು ಇಲಾಖೆಯ ಹೆಸರು 1977ರಲ್ಲಿ ಬದಲಾಗಿ, ಆಮೇಲಿನ ಚೀಟಿಗಳಲ್ಲಿ ‘ಡಿಎಲ್ಎ’ ಬಂತು. ಎರಡನೆಯದು ಪಡಿಯಚ್ಚು: ಅದೇ ಹೊಲಿಗೆ, ಅದೇ ಹಿತ್ತಾಳೆ ಜಿಪ್ಪು, ಹಳೆಯದಾಗಿ ಕಾಣಲೆಂದು ಕಲ್ಲು ಹಾಕಿ ಒಗೆದ ಬಟ್ಟೆ. ಮೂರನೆಯದು ಚಳಿಗಾಲದಲ್ಲಿ ಸ್ವೆಟರಿನ ರಾಶಿಯ ನಡುವೆ ನೇತಾಡುವುದು. 1970ರ ದಶಕದಿಂದ ಒಡೆಯರಪಾಳ್ಯದಲ್ಲಿ ನೆಲೆಸಿರುವವರಂಥ ಟಿಬೆಟನ್ ಕುಟುಂಬಗಳು ಲೂಧಿಯಾನದಿಂದ ಮಾಲು ತಂದು ಊರೂರಿನಲ್ಲಿ ಮಾರುವ ಪದ್ಧತಿ ಹಳೆಯದು. ತಾಯ್ನೆಲ ಕಳೆದುಕೊಂಡು ಬಂದವರ ಕೈಯಿಂದ ಸೈನಿಕನ ವೇಷ ಕೊಳ್ಳುವಾಗ ಚೌಕಾಸಿಯನ್ನು ಒಂದು ಮಿತಿಯಲ್ಲಿಡಿ.

ನಮ್ಮ ಸೇನೆಯದೇ ಬೇಕೆಂದು ಹಟ ಹಿಡಿಯಬೇಡಿ. ಅದನ್ನು ಹೊಲಿಯುವ ಕಾರ್ಖಾನೆಗಳಲ್ಲೊಂದು ಚೆನ್ನೈ ಬಳಿಯ ಆವಡಿಯಲ್ಲಿದೆ. 2021ರಿಂದ ಅದು ‘ಟ್ರೂಪ್ ಕಂಫರ್ಟ್ಸ್ ಲಿಮಿಟೆಡ್’ ಎಂಬ ಸರ್ಕಾರಿ ಕಂಪನಿಯ ಕೆಳಗಿದೆ. ಹೆಸರಿನಲ್ಲೇ ಇರುವಂತೆ ಆ ಸುಖ ಪಡೆಗೆ ಮಾತ್ರ.

ಬೆಲೆಯ ನಿಯಮ: ಮೊಣಕೈ ಸವೆದಷ್ಟೂ, ಬಣ್ಣ ಮಾಸಿದಷ್ಟೂ ಹೆಚ್ಚು. ಇದೇ ಸವೆತ ತೆರಕಣಾಂಬಿ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊರುವವರ ಅಂಗಿಗಳಲ್ಲಿ ಬೇಕಾದಷ್ಟಿದೆ. ಅವನ್ನು ಇನ್ನೂ ಯಾರೂ ವಿಂಟೇಜ್ ಎಂದು ಕರೆದಿಲ್ಲ. ಬೇಗ ಹೋದವರಿಗೆ ಲಾಭವಿದೆ.

3. ಧರಿಸುವ ಸ್ಥಳಗಳು

(ಅ) ಹಿಮವದ್ ಗೋಪಾಲಸ್ವಾಮಿ ಬೆಟ್ಟ. 1,454 ಮೀಟರ್ ಎತ್ತರ, ಮಂಜು, ಗಾಳಿ. ಸೀಮೆಯಲ್ಲಿ ಜರ್ಕಿನ್ನಿಗೆ ಕೆಲಸವಿರುವ ಕೆಲವೇ ಜಾಗಗಳಲ್ಲಿ ಒಂದು. ಸ್ವಂತ ಗಾಡಿಯನ್ನು ಬುಡದಲ್ಲೇ ಬಿಟ್ಟು ಬಸ್ಸಿನಲ್ಲಿ ಹತ್ತಬೇಕಾದ್ದರಿಂದ, ಸಾಹಸದ ಬಹುಪಾಲು ಕಂಡಕ್ಟರ್ ಹತ್ತಿರ ಚಿಲ್ಲರೆ ಕೇಳುವುದರಲ್ಲೇ ಮುಗಿಯುತ್ತದೆ.

(ಆ) ಹೂವಿನ ಹೊಲ. ಮುಂಗಾರಿನಲ್ಲಿ ಊಟಿ, ಕೇರಳ ರಸ್ತೆಗಳ ಬದಿಯಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿದಾಗ ಫೋಟೊಕ್ಕೆ. ಮರೆಯಾಗಲೆಂದೇ ಹುಟ್ಟಿದ ಹಸಿರು, ಹಳದಿಯ ನಡುವೆ ಅರ್ಧ ಮೈಲಿಯಿಂದ ಕಾಣುತ್ತದೆ. ಹೊಲದವರು ದುಡ್ಡು ಕೇಳಿದರೆ ಕೊಡಿ. ತುಳಿದದ್ದು ಅವರ ಬೆಳೆ.

(ಇ) ಬಂಡೀಪುರ ಸಫಾರಿ. ಮೇಲುಕಾಮನಹಳ್ಳಿಯ ಕೌಂಟರಿನ ಮುಂದೆ ಒಂದು ಪ್ಲಟೂನಿನಷ್ಟು ಮಂದಿ ಇದೇ ವೇಷದಲ್ಲಿ ಸಿಗುತ್ತಾರೆ. ವಿನಯಕ್ಕಾಗಿ ತಿಳಿದಿರಲಿ: ಜಿಂಕೆಯ ಕಣ್ಣಿಗೆ ಕಿತ್ತಳೆಯೂ ಹಸಿರೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹುಲಿ ಕಿತ್ತಳೆ ಬಣ್ಣದಲ್ಲೇ ಅಡಗುತ್ತದೆ, ಅದಕ್ಕೆ ಜರ್ಕಿನ್ ಬೇಡ. ಆನೆಯಂತೂ ಮೂಗಿನಿಂದ ನೋಡುವ ಪ್ರಾಣಿ. ತಮ್ಮ ಮರೆಮಾಚುವ ಬಣ್ಣಕ್ಕಿಂತ ತಾವು ಹಾಕಿಕೊಂಡ ಸೆಂಟು ಅದಕ್ಕೆ ಮೊದಲು ಗೊತ್ತಾಗುತ್ತದೆ.

4. ಜೇಬುಗಳ ಬಳಕೆ

ಮೂಲದಲ್ಲಿ ನಾಲ್ಕು ಜೇಬಿಗೂ ಬಲವಾದ ಕಾರಣವಿತ್ತು: ನಕ್ಷೆ, ಊಟದ ಡಬ್ಬಿ, ಬ್ಯಾಂಡೇಜು, ಮನೆಯಿಂದ ಬಂದ ಕಾಗದ. ತಮ್ಮ ವಿಷಯದಲ್ಲಿ ಮೊದಲನೆಯದಕ್ಕೆ ಫೋನು. ನಕ್ಷೆಯೂ ಡಬ್ಬಿಯೂ ಕಾಗದವೂ ಅದರೊಳಗೇ ಇರುವುದರಿಂದ ಉಳಿದ ಮೂರನ್ನು ಏನು ಮಾಡುವುದೆಂದು ತಯಾರಕರಿಗೂ ತೋಚಿಲ್ಲ. ಖಾಲಿ ಬಿಡಿ. ಅವುಗಳ ಕೆಲಸ ಇರುವುದು, ಅಷ್ಟೇ: ತಮಗೆ ಯಾವ ಗಳಿಗೆಯಲ್ಲಾದರೂ ಎಲ್ಲಿಂದಲಾದರೂ ಕರೆ ಬರಬಹುದು ಎಂಬ ಭಾವನೆಯನ್ನು ಹೊರುವುದು. ಕರೆ ಬರುವುದಿಲ್ಲ ಎಂಬ ಖಾತರಿಯೂ ಬೆಲೆಯಲ್ಲೇ ಸೇರಿದೆ.

5. ಎಚ್ಚರಿಕೆಗಳು

ಕಾನೂನು: ತಾನು ಸೈನಿಕ ಎಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕನ ಉಡುಪು ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ ಮೂರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಉದ್ದೇಶ ಮುಖ್ಯ, ಟೋಲ್‌ನಲ್ಲಿ ಸುಮ್ಮನೆ ಗಂಭೀರ ಮುಖ ಮಾಡುವುದು ಉದ್ದೇಶದ ಕಡೆಗೆ ಒಂದು ಹೆಜ್ಜೆ. ಪಠಾಣ್‌ಕೋಟ್ ದಾಳಿಯ ಬಳಿಕ 2016ರಲ್ಲಿ ಸೇನೆಯೇ ಜನರಿಗೆ ಇಂಥ ಬಟ್ಟೆ ಬೇಡವೆಂದು ಕೇಳಿಕೊಂಡಿತ್ತು. 2022ರ ಜನವರಿ 15ರ ಸೇನಾ ದಿನದಂದು ತೋರಿಸಿದ ಹೊಸ ವಿನ್ಯಾಸದ ನೋಂದಣಿಯನ್ನೂ ಮಾಡಿಸಿದೆ. ಅದರ ನಕಲು ಕೊಳ್ಳಬೇಡಿ. ತಮಗೆ ಹಳೆಯ ಯುದ್ಧಗಳೇ ಸಾಕು.

ಬೆಂಕಿ: 2019ರ ಫೆಬ್ರುವರಿಯಲ್ಲಿ ಬಂಡೀಪುರ ಹತ್ತಿ ಉರಿದು ಹತ್ತು ಸಾವಿರ ಎಕರೆಗೂ ಮಿಕ್ಕಿ ಕಾಡು ಹೋಯಿತು. ಅಂಥ ಹೊತ್ತಿನಲ್ಲಿ ನೆರವಿಗೆ ಹೋಗುವುದಾದರೆ ಅಗ್ಗದ ಪಾಲಿಯೆಸ್ಟರ್ ಜರ್ಕಿನ್ನನ್ನು ಮನೆಯಲ್ಲೇ ಬಿಡಿ. ಅದು ಕರಗಿ ಮೈಗೆ ಅಂಟುತ್ತದೆ. ಬೆಂಕಿ ಆರಿಸುವ ವಾಚರುಗಳ ಕೈಯಲ್ಲಿರುವುದು ಹಸಿ ಸೊಪ್ಪಿನ ಕೊಂಬೆ. ಅದಕ್ಕೆ ಪಡಿಯಚ್ಚು ಬಂದಿಲ್ಲ.

ಹಸಿರು: ಹನೂರು, ಮಲೆ ಮಹದೇಶ್ವರ ಬೆಟ್ಟದ ಕಡೆ ಹೋಗುವಾಗ ಈ ಬಣ್ಣವನ್ನು ಬ್ಯಾಗಿನೊಳಗೆ ಇಟ್ಟುಕೊಳ್ಳುವುದು ಲೇಸು. ಅಲ್ಲಿ ಕಾಡುಗಳ್ಳ ವೀರಪ್ಪನ್ ತೊಟ್ಟದ್ದೂ ಹಸಿರು, ಅವನನ್ನು ಹುಡುಕಿದವರು ತೊಟ್ಟದ್ದೂ ಹಸಿರು. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಅವನ ಗುಂಪಿನ ದಾಳಿಗೆ ಎಸ್ಪಿ ಟಿ. ಹರಿಕೃಷ್ಣ, ಎಸ್ಐ ಶಕೀಲ್ ಅಹ್ಮದ್ ಸತ್ತರು. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸಾಯುವವರೆಗೆ ಕಾಡಂಚಿನ ಹಾಡಿಗಳಲ್ಲಿ ಹಸಿರು ಬಟ್ಟೆಯವರು ಬಂದು ಬಾಗಿಲು ತಟ್ಟಿದರೆ ಯಾವ ಕಡೆಯವರೆಂದು ಕೇಳುವಂತಿರಲಿಲ್ಲ. ಆಗ ಬಾಗಿಲು ತೆಗೆದವರು ಇನ್ನೂ ಇದ್ದಾರೆ. ಕೈಪಿಡಿಯ ಈ ಸಾಲುಗಳಲ್ಲಿ ತಮಾಷೆ ಇಲ್ಲ.

6. ತೊಂದರೆ ಮತ್ತು ಪರಿಹಾರ

ತೊಂದರೆ: ಟೀ ಅಂಗಡಿಯಲ್ಲಿ ಹಿರಿಯರು “ಏನ್ ಬುದ್ದಿ, ಮಿಲ್ಟ್ರಿಯಾ? ಯಾವ ಕಡೀಕ?” ಎಂದು ಕೇಳುತ್ತಾರೆ.
ಪರಿಹಾರ: “ಇಲ್ಲ ಅಯ್ಯ, ಬಟ್ಟೆ ಅಷ್ಟೇ” ಎನ್ನಿ. ತಡ ಮಾಡಿದರೆ ಅವರು ಬೆಂಚಿನಲ್ಲಿ ಜಾಗ ಬಿಡುತ್ತಾರೆ. ಆ ಜಾಗದಲ್ಲಿ ಕೂರುವುದು ಕಷ್ಟ.

ತೊಂದರೆ: ರಾತ್ರಿ ಒಂಬತ್ತಾಗಿದೆ, ಚೆಕ್‌ಪೋಸ್ಟಿನಲ್ಲಿ ಬಿಡುತ್ತಿಲ್ಲ.
ಪರಿಹಾರ: ಜರ್ಕಿನ್ನಿನ ದೋಷವಲ್ಲ. 2009ರಿಂದ ಬಂಡೀಪುರ ಕಾಡಿನ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗುಂಡ್ಲುಪೇಟೆಗೆ ಹಿಂತಿರುಗಿ ರೂಮು ಹಿಡಿಯಿರಿ. ಜರ್ಕಿನ್ ಹೊದ್ದು ಕಾರಿನಲ್ಲೇ ಮಲಗುವ ಯೋಚನೆ ಇದ್ದರೆ ಮುಂದಿನ ಅಧ್ಯಾಯ ಬಿಟ್ಟು ಎಂಟಕ್ಕೆ ಹೋಗಿ.

7. ಒಗೆತ

ಅಂಟುವಾಳದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ. ಅರಿಶಿನ ಬೇಯಿಸುವ ಕಣದ ಬಳಿ ಹರವಬೇಡಿ. ಆ ಹಳದಿ ಯಾವ ಸೇನೆಯದೂ ಅಲ್ಲ, ಹೋಗುವುದೂ ಇಲ್ಲ.

8. ಪರೀಕ್ಷಾ ವರದಿ ಮತ್ತು ವಿಲೇವಾರಿ

ಈ ಮಾದರಿಯನ್ನು ಕಾಡಂಚಿನಲ್ಲಿ ಹೊಲವಿರುವ ನನ್ನ ಸೋದರಮಾವನ ಕೈಯಲ್ಲಿ ಪರೀಕ್ಷೆ ಮಾಡಿಸಲಾಯಿತು. ಅವರು ಸಣ್ಣೀರುಳ್ಳಿ, ಬಾಳೆ ಬೆಳೆಯುತ್ತಾರೆ. ಫಸಲಿನ ದಿನಗಳಲ್ಲಿ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಹಂದಿ, ಆನೆ ಕಾಯುತ್ತಾರೆ. ಜರ್ಕಿನ್ನನ್ನು ಹಿಂದೆಮುಂದೆ ತಿರುಗಿಸಿ ಕೇಳಿದ ಮೊದಲ ಪ್ರಶ್ನೆ: “ಇದ ಹೊದ್ಕಂಡು ಮನಿಕಬೋದಾ ಮೊಗ?” ಆಗುವುದಿಲ್ಲ, ಕಾಲು ಹೊರಗುಳಿಯುತ್ತದೆ. “ಹಾಸ್ಕಬೋದಾ?” ಜಿಪ್ಪು ಚುಚ್ಚುತ್ತದೆ. ಅವರ ಕುರಿಯುಣ್ಣೆಯ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ನಿದ್ದೆಗೆ ಹಾಸಿಗೆ, ಕಾಳು ಸುರಿದರೆ ಚೀಲ. ಜೇಬಿಲ್ಲ ಎಂಬುದೊಂದೇ ಕೊರತೆ. ತೊಟ್ಟು ನೋಡಿ ಎಂದೆ. ಒಂದು ರಾತ್ರಿ ತೊಟ್ಟರು. ಬೆಳಿಗ್ಗೆ ಮಡಿಸಿ ಕೈಗಿಟ್ಟು, “ಸದ್ದು ಮಾಡ್ತದ ಕನಪ್ಪ, ಆನ ಬರದ್ ಕೇಳ್ಸಲ್ಲ” ಎಂದರು. ಕತ್ತಲಲ್ಲಿ ಕಿವಿಯೇ ಅವರ ಕಾವಲು. ತೋಳು ಅಲ್ಲಾಡಿಸಿದಾಗಲೆಲ್ಲ ಅದು ಸರಬರ ಎನ್ನುತ್ತಿತ್ತಂತೆ.

ಅವಧಿ ಮುಗಿದ ಜರ್ಕಿನ್ನನ್ನು ಎಸೆಯಬಾರದು. ನನ್ನದನ್ನು ಮಾವ ಎರಡು ಬಿದಿರು ಕಟ್ಟಿ, ಮಡಕೆ ತಲೆ ಇಟ್ಟು, ಬೆರ್ಚಪ್ಪನಿಗೆ ತೊಡಿಸಿದ್ದಾರೆ. ಭುಜಪಟ್ಟಿ ಬಿದಿರಿನ ಮೇಲೆ ಚೆನ್ನಾಗಿ ಕೂತಿದೆ. ಹಂದಿಗಳು ಒಂದು ವಾರ ದೂರವಿದ್ದವು, ಆಮೇಲೆ ರೂಢಿಯಾದವು. ಆನೆಯೊಂದು ಪಕ್ಕದಲ್ಲೇ ಹಾದು ಬಾಳೆಯ ಒಂದು ಸಾಲು ತಿಂದು ಹೋಯಿತು, ಇವನನ್ನು ಮೂಸಲೂ ಇಲ್ಲ. ಕಿತ್ತು ಹಾಕಲೇ ಎಂದು ಕೇಳಿದೆ. ಬೇಡವೆಂದರು. ಹೋಗಿ ನೋಡಿದರೆ ನಾಲ್ಕು ಜೇಬೂ ಉಬ್ಬಿದ್ದವು: ಒಂದರಲ್ಲಿ ಪಟಾಕಿ, ಒಂದರಲ್ಲಿ ಬೆಂಕಿಪೊಟ್ಟಣ, ಒಂದರಲ್ಲಿ ಟಾರ್ಚಿನ ಸೆಲ್ಲು, ಎದೆಯ ಮೇಲಿನದರಲ್ಲಿ ಎಲೆಅಡಿಕೆ.