ಎಸ್ಸೆಸ್ಸೆಲ್ಸಿ ಪೋಷಕರಿಗೊಂದು ಬಿನ್ನವತ್ತಳೆ

ಹದಿಹರೆಯದ ಮಕ್ಕಳು ಸ್ವಂತ ಕಾಲ ಮೇಲೆ ನಿಲ್ಲಬೇಕೆಂಬ ಮಹಾಸಂಕಲ್ಪ ತೊಟ್ಟು, ಆ ಕಾಲುಗಳು ಸವೆಯದಿರಲೆಂದು ಅವರನ್ನು ಹೆಗಲ ಮೇಲೆಯೇ ಹೊತ್ತು ತಿರುಗುತ್ತಿರುವ ನಮ್ಮ ನಾಡಿನ ಎಸ್ಸೆಸ್ಸೆಲ್ಸಿ ತಂದೆತಾಯಿಗಳಿಗೆ ಈವರೆಗೆ ಯಾರೂ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಸನ್ಮಾನಿಸಿಲ್ಲ. ಈ ಲೋಪವನ್ನು ನನ್ನ ಕೈಲಾದಷ್ಟು ಸರಿಪಡಿಸಲು ಈ ನಾಲ್ಕು ಮಾತು.

ನಮ್ಮ ಪಕ್ಕದ ಮನೆಯ ಮಾತೃಶ್ರೀಯವರನ್ನೇ ನೋಡಿ. ರಾತ್ರಿ ಹನ್ನೊಂದಾದರೂ ಊಟದ ಮೇಜಿನ ಮೇಲೆ ಥರ್ಮಾಕೋಲ್ ಹರಡಿಕೊಂಡು, ಬ್ಲೇಡಿನಲ್ಲಿ ಮೂತ್ರಪಿಂಡ ಕತ್ತರಿಸಿ, ಪೋಸ್ಟರ್ ಕಲರ್ ಬಳಿದು, ಫೆವಿಕಾಲ್ ಒಣಗುವವರೆಗೆ ಅಂಗೈಯಲ್ಲಿ ಒತ್ತಿ ಹಿಡಿದು ಕುಳಿತಿರುತ್ತಾರೆ. ಮಗರಾಯ ಒಳಗೆ ಮೊಬೈಲಿನೊಂದಿಗೆ ವಿಶ್ರಾಂತಿಯಲ್ಲಿದ್ದರೂ ತನ್ನ ಹೊಣೆಯನ್ನು ಮರೆತವನಲ್ಲ. ನಡುವೆ ಒಮ್ಮೆ ಎದ್ದು ಬಂದು, ‘ಅಮ್ಮಾ, ನೆಫ್ರಾನ್ ಬರೆದ್ಯಾ? ನಾಳೆ ಲಾಸ್ಟ್ ಡೇಟು’ ಎಂದು ವಿಚಾರಿಸಿಕೊಂಡು ಹೋಗುತ್ತಾನೆ. ‘ಈ ವಾರ ನಮಗೆ ಎಫ್‌ಎ ತ್ರೀ ಇದೆ ಕಣೇ, ಮದುವೆಗೆ ಬರೋಕಾಗಲ್ಲ’ ಎಂದು ಆಕೆ ತಂಗಿಗೆ ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿ ಪುನೀತನಾಗಿದ್ದೇನೆ. 625 ಅಂಕಗಳಲ್ಲಿ 125 ಈ ಎಫ್‌ಎ ಎಂಬ ಆಂತರಿಕ ಮೌಲ್ಯಮಾಪನದ್ದು. ಅಷ್ಟನ್ನೂ ಆ ತಾಯಿ ಯಾರ ಹಂಗೂ ಇಲ್ಲದೆ, ಸ್ವಂತ ಪರಿಶ್ರಮದಿಂದ ಸಂಪಾದಿಸಿದ್ದಾರೆ. ಸ್ವತಂತ್ರ ಕಲಿಕೆಗೆ ಇದಕ್ಕಿಂತ ಉಜ್ವಲ ನಿದರ್ಶನ ಬೇಕೆ?

ಇನ್ನು ಟ್ಯೂಷನ್ ಗುರುವರ್ಯರ ಉಪಕಾರವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಪಠ್ಯಪುಸ್ತಕವೆಂಬ ದಟ್ಟ ಕಾಡಿನಲ್ಲಿ ಎಳೆಯ ಜೀವಗಳು ದಾರಿ ತಪ್ಪಬಾರದೆಂದು ಇಡೀ ಕಾಡನ್ನೇ ಕಡಿದು, ‘ಪಾಸಿಂಗ್ ಪ್ಯಾಕೇಜ್’ ಎಂಬ ತೆಳು ಪುಸ್ತಿಕೆಯಲ್ಲಿ ಕಟ್ಟಿಕೊಟ್ಟವರು ಅವರು. ಥೇಲ್ಸ್ ಪ್ರಮೇಯ ಯಾಕೆ ಹಾಗೆ ಎಂದು ಕೇಳುವ ಅನಿಷ್ಟ ಚಟ ಅವರ ಶಿಷ್ಯರಲ್ಲಿ ಒಬ್ಬರಿಗೂ ತಗುಲಿಲ್ಲ. ಪರೀಕ್ಷೆಯಲ್ಲಿ ತ್ರಿಭುಜ ಎಬಿಸಿ ಎಂದಿದ್ದರೆ ಸಾಧನೆ ಒಂದಕ್ಷರ ತಪ್ಪದೆ ಹರಿದು ಬರುತ್ತದೆ. ಪಿಕ್ಯೂಆರ್ ಎಂದಿದ್ದರೆ ವಿದ್ಯಾರ್ಥಿ ಪೆನ್ನು ಕೆಳಗಿಟ್ಟು, ಇದು ಸಿಲಬಸ್ಸಿನ ಹೊರಗಿನ ಪ್ರಶ್ನೆಯೆಂದು ಘನತೆಯಿಂದ ಹೊರನಡೆಯುತ್ತಾನೆ. ಸಂಜೆಯೊಳಗೆ ಪೋಷಕರ ವಾಟ್ಸಾಪ್ ಗುಂಪು ಒಕ್ಕೊರಲಿನಿಂದ ಅವನ ಬೆನ್ನಿಗೆ ನಿಂತಿರುತ್ತದೆ.

ಸರ್ಕಾರದ ವಾತ್ಸಲ್ಯವೂ ಸಾಮಾನ್ಯವಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದು, ಮಕ್ಕಳು ತಮಗೆ ಗೊತ್ತಿದ್ದಷ್ಟನ್ನೇ ಬರೆಯಬೇಕಾದ ದಾರುಣ ಸ್ಥಿತಿ ಒದಗಿತು. ಆಗ ಗ್ರೇಸ್ ಅಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿ ಕೈಹಿಡಿದ ಔದಾರ್ಯವನ್ನು ಮರೆಯುವುದುಂಟೆ? ಅಷ್ಟು ಕೈಹಿಡಿದ ಮೇಲೂ, ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಕ್ಯಾಮೆರಾ ಎಂಥ ಅಪಾಯಕಾರಿ ಯಂತ್ರವೆಂಬುದಕ್ಕೆ ಬೇರೆ ಪುರಾವೆ ಬೇಡ.

ಆದರೆ ಸ್ವಾವಲಂಬನೆಯ ಪರಾಕಾಷ್ಠೆ ಕಾಣಬೇಕಾದರೆ ಪಿಯುಸಿ ವಸತಿ ಕಾಲೇಜುಗಳಿಗೇ ಹೋಗಬೇಕು. ಅಲ್ಲಿ ಬೆಳಗಿನ ಜಾವ ಗಂಟೆ ಹೊಡೆದರೆ ಏಳುವುದು, ಇನ್ನೊಂದು ಹೊಡೆದರೆ ಪುಸ್ತಕ ತೆರೆಯುವುದು, ಮತ್ತೊಂದು ಹೊಡೆದರೆ ಮುಚ್ಚುವುದು. ಯಾವಾಗ ಓದಲಿ, ಏನು ಓದಲಿ, ಅರ್ಥವಾಯಿತೇ ಎಂಬ ಕ್ಷುಲ್ಲಕ ಚಿಂತೆಗಳಿಂದ ಮನಸ್ಸಿಗೆ ಸಂಪೂರ್ಣ ಮುಕ್ತಿ. ರಾತ್ರಿ ಊಟದ ನಂತರ ಎರಡೂವರೆ ಗಂಟೆ ‘ಸೆಲ್ಫ್ ಸ್ಟಡಿ’. ಅದು ಎಲ್ಲರಿಗೂ ಕಡ್ಡಾಯ. ವಾರ್ಡನ್ ಸಾಹೇಬರು ಸ್ಕೇಲು ಹಿಡಿದು ಸಾಲುಸಾಲಾಗಿ ಸಂಚರಿಸುತ್ತ, ಯಾರಾದರೂ ಸ್ವಂತವಾಗಿ ಯೋಚಿಸುತ್ತ ಕಿಟಕಿಯ ಕಡೆ ನೋಡಿದರೆ ಕೂಡಲೇ ಗುಣಪಡಿಸುತ್ತಾರೆ. ಹೀಗೆ ಎರಡು ವರ್ಷ ಪಳಗಿದ ಮಕ್ಕಳ ನಿಷ್ಠೆ ಎಷ್ಟು ಅಚಲವೆಂದರೆ, ಮುಂದೆ ಗಂಟೆಯೇ ಇಲ್ಲದ ಎಂಜಿನಿಯರಿಂಗ್ ಕಾಲೇಜಿಗೆ ಹೋದಾಗಲೂ ಗಂಟೆ ಹೊಡೆಯದ ಹೊರತು ಪುಸ್ತಕ ಮುಟ್ಟುವುದಿಲ್ಲ.

ಆ ಎಂಜಿನಿಯರಿಂಗ್ ಸೀಟಿನ ಆಯ್ಕೆಯಲ್ಲೂ ಮಗನಿಗೆ ಶ್ರಮ ಕೊಡುವವರಲ್ಲ ನಮ್ಮ ತಂದೆಯಂದಿರು. ಕೆಸಿಇಟಿ ರ್‍ಯಾಂಕ್ ಬಂದ ದಿನದಿಂದ ಕಚೇರಿಗೆ ರಜೆ ಹಾಕಿ, ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿಗಳಿಗೆ ಹಸಿರು, ಹಳದಿ ಗೆರೆ ಎಳೆದು, ಸೈಬರ್ ಸೆಂಟರಿನಲ್ಲಿ ಕುಳಿತು ಆಪ್ಷನ್ ಎಂಟ್ರಿ ಮುಗಿಸುತ್ತಾರೆ. ಮಗನ ಅಭಿಪ್ರಾಯವನ್ನು ಕಡೆಗಣಿಸುತ್ತಾರೆಂದು ಯಾರೂ ಭಾವಿಸಬೇಡಿ. ಹಾಸ್ಟೆಲಿನಲ್ಲಿ ವೈಫೈ ಇರಲೇಬೇಕೆಂಬ ಅವನ ಸಲಹೆಯನ್ನು ಗಂಭೀರವಾಗಿ ಪರಿಗಣಿಸಲಾಗಿದೆ.