ತೊಂಬತ್ತರ ಕಾಕಾ

ಚೋರ್ಲಾ ಘಾಟ್ ಇಳಿದು ವಾಳಪೈ ಮುಟ್ಟುವಷ್ಟರಲ್ಲಿ ಟೈರು ಉಸಿರು ಬಿಟ್ಟಿತೋ, ಕಾಕಾನ ಕೈಗೆ ಸಿಕ್ಕಿದಿರಿ ಎಂದೇ ಲೆಕ್ಕ. ವಿಜಾಪುರದ ಕಡೆಯಿಂದ ಬಂದು ಇಲ್ಲಿ ಪಂಕ್ಚರ್ ಅಂಗಡಿ ಇಟ್ಟವರು. ತೊಂಬತ್ತು ಅವರ ವಯಸ್ಸಲ್ಲ, ನಟ್ಟು ಬಿಚ್ಚುವ ಗನ್ನಿಗೆ ಕೊಡುವ ಹವಾ. 90 ಪಾಯಿಂಟ್ ದಾಟಿಸುವುದಿಲ್ಲ.

“120 ಇಡ್ರಿ ಕಾಕಾ, ಲಗೂ ಆಗ್ತದ” ಎಂದ ಒಬ್ಬ ಲಾರಿ ಡ್ರೈವರ್.

“ಎತ್ತಿಗೆ ಎರಡು ಪಟ್ಟು ಹಿಂಡಿ ತಿನಿಸಿದ್ರ ಎರಡು ಪಟ್ಟು ಹೊಲ ಹೂಡತೈತೇನೋ?”

ಬೆಳಿಗ್ಗೆ ತಮ್ಮ ಚಹಾಕ್ಕಿಂತ ಮೊದಲು ಗನ್ನಿಗೆ ಎಣ್ಣೆ. ಪೈಪು ಸಿಕ್ಕಿಸುವ ಬಾಯಿಗೆ ನಾಲ್ಕೇ ಹನಿ, ಬಾಯಿಬಿಟ್ಟು ಎಣಿಸುತ್ತಾರೆ. ಆಗ ನೀವು ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ, ಬೈಗುಳ ತಪ್ಪುವುದಿಲ್ಲ.

ಸಂಜೆ ಕಂಪ್ರೆಸರ್ ಟ್ಯಾಂಕಿನ ತಳದ ನಲ್ಲಿ ತಿರುಗಿಸುವ ಕಾರ್ಯಕ್ರಮ. ಬುಸ್ಸೆಂದು ತುಕ್ಕಿನ ಬಣ್ಣದ ನೀರು ಹಾರುತ್ತದೆ. ಮಳೆಗಾಲದಲ್ಲಂತೂ ತಂಬಿಗೆ ಹಿಡಿಯಬೇಕು. “ನಮ್ಮ ಕಡೆ ಹವಾ ಒಣರೊಟ್ಟಿ ಇದ್ದಂಗ ಇರತೈತ್ರಿ. ಇಲ್ಲಿದು ಗಂಜಿ. ಹಂಗ ಬಿಟ್ರ ಟ್ಯಾಂಕ್ ಒಳಗಿಂದ ತಿಂದು ಹೋಗತೈತಿ, ಗನ್ನಿಗೂ ನೆಗಡಿ.”

ಕೆಲಸದ ಹುಡುಗ ಪೇಟೆಗೆ ಹೊರಡುವ ಮುಂಚೆ ಹವಾ ಪೈಪಿನಿಂದ ಪ್ಯಾಂಟಿನ ದೂಳು ಕೊಡವಿಕೊಂಡರೆ ಮುಗಿಯಿತು. “ಮೈಯಾಗ ಹವಾ ಹೊಕ್ಕರ ನೆಟ್ಟಗ ದವಾಖಾನಿ!” ಮಾತು ಸುಳ್ಳಲ್ಲ, ಚರ್ಮದ ಗಾಯಕ್ಕೆ ಒತ್ತಡದ ಗಾಳಿ ನುಗ್ಗಿದರೆ ಜೀವಕ್ಕೇ ಕುತ್ತು. ಬೈದು ಮುಗಿಸಿ, ಕಾಕಾ ತಮ್ಮ ಬಿಳಿ ಟೊಪ್ಪಿಗೆಯನ್ನು ಮಾತ್ರ ಮೊಳೆಗೆ ನೇತುಹಾಕಿ, ಮಾರು ದೂರ ನಿಂತು, ಅದೇ ಪೈಪಿನಿಂದ ಕೊಡವುತ್ತಾರೆ. ಟೊಪ್ಪಿಗೆಗೆ ಚರ್ಮವಿಲ್ಲವಂತೆ.

ಕಂಪ್ರೆಸರಿನ ಬೆಲ್ಟು ಸಡಿಲಾದರೆ ಹತ್ತು ಹೆಜ್ಜೆ ದೂರದಿಂದ ಹಿಡಿಯುವ ಕಿವಿ, ಗಿರಾಕಿ “ಎಷ್ಟಾಯ್ತು?” ಎಂದರೆ “ಆಂ?” ಎನ್ನುತ್ತದೆ. ಗನ್ನಿನ ಗರ್ರಾಟಕ್ಕೆ ಹತ್ತಿ ಇಟ್ಟುಕೊಳ್ಳಿ ಅಂದೆ. “ಗನ್ನಿಗೆ ಏನ್ರಿ ಹತ್ತಿ?” ಅಂದರು.

ನಟ್ಟನ್ನು ಮೊದಲು ಬೆರಳಿನಿಂದ ಎರಡು ಸುತ್ತು, ಆಮೇಲೆ ಗನ್ನು ಒಂದೇ ಗುಟುಕು, ಕಡೆಗೆ ಎದುರುಬದುರು ನಟ್ಟು ಹಿಡಿದು ಪಾನಾದಿಂದ ಬಿಗಿ. ಪೂರ್ತಿ ಗನ್ನಿನಲ್ಲೇ ಬಿಗಿದರೆ ನಡುದಾರಿಯಲ್ಲಿ ಸ್ಟೆಪ್ನಿ ಹಾಕಲು ನಾವು ಪಾನಾದ ಮೇಲೆ ಕುಣಿಯಬೇಕಾಗುತ್ತದೆ. ನಾನು ಕುಣಿದಿದ್ದೇನೆ, ಬೇರೆ ಊರಿನ ಬೇರೆ ಅಂಗಡಿಯ ಕೃಪೆಯಿಂದ.

ಆ ಕಡೆ ಹೋಗುವುದಿದ್ದರೆ ಡ್ರೈವರ್ ಬಾಗಿಲಿನ ಚೀಟಿ ನೋಡಿ, ಟೈರಿಗೆ ಎಷ್ಟು ಪಾಯಿಂಟ್ ಎಂದು ತಿಳಿದುಕೊಂಡೇ ಹೋಗಿ. “ಸಾಕಷ್ಟು ಹಾಕಿ” ಎಂದವರಿಗೆ ಕಾಕಾ ಹವಾ ಹಾಕುವುದಿಲ್ಲ.