ನಾಲ್ಕನೇ ಸೀಟಿನ ತಾಳ

ಮುಂಬಯಿಯ ಲೋಕಲ್ ಗಾಡಿಯ ಭಜನಾ ಮಂಡಳಿಗೆ ಸೇರಲು ಬಂದವನನ್ನು ಯಾರೂ ಶ್ರುತಿಜ್ಞಾನ ಉಂಟೋ ಎಂದು ಕೇಳುವುದಿಲ್ಲ. ಎಲ್ಲಿ ಹತ್ತುತ್ತೀರಿ, ಎಲ್ಲಿ ಇಳಿಯುತ್ತೀರಿ ಎಂದು ಕೇಳುತ್ತಾರೆ. ಮುಲುಂಡಿನಲ್ಲಿ ಹತ್ತಿ ಕೊನೆಯ ನಿಲ್ದಾಣವಾದ ಸಿಎಸ್‌ಎಂಟಿವರೆಗೂ (ಹಳಬರಿಗೆ ಸಿಎಸ್‌ಟಿ) ಬರುವವನು ಉತ್ತಮ ಸಂಗೀತಗಾರ. ಕುರ್ಲಾದಲ್ಲೇ ಇಳಿದುಹೋಗುವವನು ಸಾಕ್ಷಾತ್ ಭೀಮಸೇನ ಜೋಶಿಯೇ ಆಗಿದ್ದರೂ ಮಂಡಳಿಗೆ ಉಪಯೋಗವಿಲ್ಲ.

ನಮ್ಮ ರಾಯರು ಈ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದವರು. ಪ್ರಯಾಣ ಮಾತ್ರ ಎರಡನೇ ದರ್ಜೆಯದು. ರಾಯರು ಯಾರೆಂದು ಕೇಳಬೇಡಿ. ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಈ ಲೇಖಕನಿಗೆ ಎದುರಾಗುವ ಆಸಾಮಿ ಎಂದರೆ ಸಾಕು. ಹುಟ್ಟೂರು ಉಡುಪಿಯ ಬದಿ, ಮನೆ ಮುಲುಂಡ್ ಪೂರ್ವ, ಹೊಟ್ಟೆಪಾಡಿಗೆ ಫೋರ್ಟಿನಲ್ಲೊಂದು ಬ್ಯಾಂಕು.

ಅವರು ಮಂಡಳಿ ಸೇರಿದ್ದು ವಿಠ್ಠಲನ ಸೆಳೆತದಿಂದ ಎಂದು ಮನೆಯವರಿಗೆ ಹೇಳಿದ್ದಾರೆ. ಮನೆಯವರು ನಂಬಿದಂತೆ ತೋರಿಸಿಕೊಂಡಿದ್ದಾರೆ. ನಿಜವಾದ ಸೆಳೆತ ನಾಲ್ಕನೇ ಸೀಟಿನದು. ಡೊಂಬಿವಲಿಯಿಂದ ಹೊರಟ ಗಾಡಿ ಠಾಣೆಯನ್ನು ನುಂಗಿಕೊಂಡು ಮುಲುಂಡಿಗೆ ಬರುವಾಗ ಒಳಗೆ ಕಾಲಿಡಲು ತಾವಿರುವುದಿಲ್ಲ. ರೈಲ್ವೆಯವರ ಲೆಕ್ಕದ ಪುಸ್ತಕದಲ್ಲೇ ಈ ನೂಕುನುಗ್ಗಲಿಗೆ ಪ್ರತ್ಯೇಕ ಹೆಸರಿದೆ: ಸೂಪರ್ ಡೆನ್ಸ್ ಕ್ರಶ್ ಲೋಡ್. ಅಂದರೆ ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಮಂದಿ. ಅಂಥ ಡಬ್ಬಿಯಲ್ಲಿ ಮೂವರು ಕೂರುವ ಸೀಟಿನ ತುದಿಯಲ್ಲಿ ಅರ್ಧ ಪೃಷ್ಠವನ್ನು ಊರಿ, ಉಳಿದರ್ಧವನ್ನು ದೇವರಿಗೆ ಬಿಟ್ಟು ಕೂರುವ ಸೌಭಾಗ್ಯಕ್ಕೆ ಚೌಥಿ ಸೀಟ್ ಎನ್ನುತ್ತಾರೆ. ಮಂಡಳಿಯವರು ಮಂಡಳಿಯವರಿಗೆ ಅದನ್ನು ಹಿಡಿದಿಡುತ್ತಾರೆ. ಇದು ಯಾವ ಕಾನೂನಿನಲ್ಲೂ ಇಲ್ಲ. ಕಾನೂನಿನಲ್ಲಿರುವುದು ಬೇರೆ: 1989ರ ರೈಲ್ವೆ ಕಾಯ್ದೆಯ 145ನೇ ಕಲಮಿನ ಪ್ರಕಾರ ಸಹಪ್ರಯಾಣಿಕರ ನೆಮ್ಮದಿ ಕೆಡಿಸುವುದು ಅಪರಾಧ. ರಾತ್ರಿಪಾಳಿ ಮುಗಿಸಿ ಕಣ್ಣು ಮುಚ್ಚಿ ನಿಂತವನ ಕಿವಿಯ ಬುಡದಲ್ಲಿ ಹಿತ್ತಾಳೆ ಬಡಿದು ಅಭಂಗ ಹಾಡಿದರೆ ಅದು ಭಕ್ತಿಯೋ ಭಂಗವೋ? ಜನ ದೂರು ಕೊಡುವುದುಂಟು. ದೂರು ಕೊಡುವವರ ಪಕ್ಷವೇ ಸರಿ ಎಂದು ರಾಯರಿಗೆ ಪ್ರಾಮಾಣಿಕವಾಗಿ ಅನಿಸುತ್ತದೆ, ಸೀಟು ಸಿಗದ ದಿನಗಳಲ್ಲಿ.

ವಾದ್ಯದ ಆಯ್ಕೆಯೂ ಹೀಗೆಯೇ ಆಯಿತು. ಊರಿನ ಮನೆಯಿಂದ ತಂದ ಅಜ್ಜನ ಹಾರ್ಮೋನಿಯಂ ಒಂದಿತ್ತು. ಮೀಂಡಿಗೆ ಬಾಗದ, ನಮ್ಮ ಶ್ರುತಿಗೆ ಒಗ್ಗದ ಪೆಟ್ಟಿಗೆ ಎಂದು ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗೆ ಹಾಕಿ, 1971ರವರೆಗೂ ಒಳಗೆ ಸೇರಿಸಲಿಲ್ಲ. ರಾಯರ ಮನೆಯಲ್ಲಿ ಆ ನಿಷೇಧ ಇನ್ನೂ ತೆರವಾಗಿಲ್ಲ. "ಮಾರಾಯ್ರೆ, ಅದನ್ನು ಅಟ್ಟದಲ್ಲಿಡಿ, ಪಕ್ಕದ ಮನೆಯ ಮಗುವಿಗೆ ಪರೀಕ್ಷೆ" ಎಂದು ಹೆಂಡತಿ ಹೇಳಿದ ಆ ಮಗು ಈಗ ಪುಣೆಯಲ್ಲಿ ಕೆಲಸದಲ್ಲಿದೆ. ಢೋಲಕಿಗೆ ಮಂಡಳಿಯಲ್ಲಿ ಆಗಲೇ ಜನ ಇದ್ದರು. ಡಬ್ಬಿಯ ತಗಡಿನ ಗೋಡೆಯನ್ನೇ ತಬಲಾ ಮಾಡಿಕೊಂಡ ಇನ್ನೊಬ್ಬ ಘನ ವಿದ್ವಾಂಸರೂ ಇದ್ದರು. ಉಳಿದದ್ದು ತಾಳ. ಪಂಢರಪುರದಿಂದ ತಂದ ಅಂಗೈ ಅಗಲದ ಎರಡು ಹಿತ್ತಾಳೆ ಬಿಲ್ಲೆಗಳು, ನಡುವೆ ಕೊರಳಿಗೆ ಹಾಕಿಕೊಳ್ಳುವಷ್ಟು ಉದ್ದದ ಹುರಿ. ಮಂಡಳಿಯಲ್ಲಿ ಹಾಡು ಎತ್ತುವ ಬುವಾ ಅದನ್ನು ರಾಯರ ಕೊರಳಿಗೆ ತೊಡಿಸುವಾಗ, "ಇದು ನನ್ನ ತಂದೆಯದು, ಜೋಪಾನ" ಎಂದರು. ಆ ಒಂದು ಮಾತು ಮುಂದೆ ಘಾಟ್‌ಕೋಪರಿನಲ್ಲಿ ಎಂಥ ಫಲ ಕೊಟ್ಟಿತೆಂದು ಬುವಾನಿಗೆ ಇವತ್ತಿಗೂ ಗೊತ್ತಿಲ್ಲ.

ಭಾಷೆಯದು ತೊಡಕಾಗಲಿಲ್ಲ. ಮಂಡಳಿ ಮರಾಠಿಯದು, ತುಕಾರಾಮ ನಾಮದೇವರದು. ನಡುವೆ ರಾಯರು ಪುರಂದರದಾಸರ ಪದವೊಂದನ್ನು ನುಗ್ಗಿಸಿದರು. ಕೊನೆಯಲ್ಲಿ ವಿಠ್ಠಲ ಬಂದದ್ದೇ ತಡ, ಎಲ್ಲರೂ ತಮ್ಮದೇ ಎಂಬಂತೆ ಎತ್ತಿಕೊಂಡರು. ಪುರಂದರಗಡ ಸಾಸವಡದ ಹತ್ತಿರ ಇದೆ, ಆದ್ದರಿಂದ ನಿಮ್ಮ ದಾಸರು ನಮ್ಮವರು ಎಂದು ಒಬ್ಬರು ತಗಾದೆ ತೆಗೆದರು. ಅವರು ತೀರ್ಥಹಳ್ಳಿಯ ಕಡೆಯವರು ಎಂಬ ವಾದವನ್ನು ರಾಯರು ಭಾಂಡುಪಿನಿಂದ ವಿಕ್ರೋಲಿವರೆಗೆ ಮಂಡಿಸಿದರು. ಗದಗಿನ ಭೀಮಸೇನ ಜೋಶಿ ಅಭಂಗವನ್ನೂ ದಾಸವಾಣಿಯನ್ನೂ ಒಂದೇ ಗಂಟಲಿನಲ್ಲಿ ಹಾಡಿ ಈ ಜಗಳವನ್ನು ಎಂದೋ ತೀರಿಸಿಬಿಟ್ಟಿದ್ದಾರೆ ಎಂದು ಬುವಾ ತೀರ್ಪು ಕೊಟ್ಟರು. ಆ ಜೋಶಿಯವರೂ ಹುಡುಗರಾಗಿದ್ದಾಗ, 1933ರಲ್ಲಿ, ಮನೆ ಬಿಟ್ಟು ಟಿಕೆಟ್ ಇಲ್ಲದೆ ರೈಲು ಹತ್ತಿ, ಹಾಡಿ ಪಾರಾದವರೇ. ರಾಯರ ಹತ್ತಿರ ಸೀಸನ್ ಪಾಸ್ ಇತ್ತು. ಹಾಗಾಗಿ ಅಷ್ಟು ಚೆನ್ನಾಗಿ ಹಾಡುವ ಒತ್ತಡ ಅವರಿಗೆ ಎಂದೂ ಬರಲಿಲ್ಲ.

ಇನ್ನು ಘಾಟ್‌ಕೋಪರ್.

2014ರ ಜೂನ್‌ನಲ್ಲಿ ವರ್ಸೋವಾ–ಘಾಟ್‌ಕೋಪರ್ ಮೆಟ್ರೋ ಶುರುವಾದ ಮೇಲೆ ಅರ್ಧ ಗಾಡಿ ಅಲ್ಲೇ ಖಾಲಿಯಾಗತೊಡಗಿತು. ಖಾಲಿಯಾಗುತ್ತದೆ ಎನ್ನುವುದು ಸೌಮ್ಯವಾದ ಮಾತು, ಕಟ್ಟೆ ಒಡೆಯುತ್ತದೆ. ಅಂಥದೊಂದು ಬೆಳಿಗ್ಗೆ ನಾಮಘೋಷದ ಗಜರ್ ಏರುತ್ತಿದ್ದಾಗ, ರಾಯರು ಕಣ್ಣು ಮುಚ್ಚಿ ಎರಡೂ ಕೈ ಅಗಲಿಸಿದ ಕ್ಷಣಕ್ಕೆ ಸರಿಯಾಗಿ, ಇಳಿಯುವವನೊಬ್ಬನ ಬೆನ್ನಚೀಲದ ಕೊಂಡಿಗೆ ಬಲಗೈಯ ಬಿಲ್ಲೆ ಸಿಕ್ಕಿಕೊಂಡಿತು. ಬಿಲ್ಲೆ ಹೋಯಿತು. ಹುರಿ ಹೋಯಿತು. ಹುರಿ ಕೊರಳಲ್ಲಿದ್ದುದರಿಂದ ರಾಯರೂ ಹೋದರು. ನಾಲ್ಕನೇ ಸೀಟಿನ ಮೇಲೆ ಅವರು ಊರಿದ್ದ ಅರ್ಧಭಾಗ ತೆರವಾದ ಅರೆಕ್ಷಣದಲ್ಲಿ ಬೇರೊಬ್ಬನ ಅರ್ಧಭಾಗ ಅಲ್ಲಿ ನೆಲೆಯಾಯಿತು.

ಪ್ಲಾಟ್‌ಫಾರಂ ಮೇಲೆ ಹುರಿಯನ್ನು ಕೊರಳಿನಿಂದ ಬಿಡಿಸಿ ಮಣಿಕಟ್ಟಿಗೆ ಸುತ್ತಿಕೊಂಡರು. ಬಿಟ್ಟುಬಿಡಬಹುದಿತ್ತು. ಆದರೆ ಬುವಾನ ತಂದೆ! "ಅಹೋ ಭಾವು! ಅರೇ ಭಾಯಿಸಾಬ್!" ಎಂದು ಕೂಗಿದರು. ಭಾವುವಿನ ಕಿವಿಯಲ್ಲಿ ಇಯರ್‌ಫೋನ್. ಅವನು ಸಂಗೀತ ಕೇಳುತ್ತಿದ್ದ. ಆದ್ದರಿಂದ ಸಂಗೀತಗಾರನ ಕೂಗು ಕೇಳಿಸಲಿಲ್ಲ. ತಲೆಯನ್ನು ಅವನು ಆಡಿಸುತ್ತಿದ್ದ ಲಯ ಮಾತ್ರ, ಹೇಳಲು ಸಂಕಟವಾಗುತ್ತದೆ, ರಾಯರದಕ್ಕಿಂತ ಶುದ್ಧವಾಗಿತ್ತು. ಇಬ್ಬರ ನಡುವೆ ಹುರಿ ಬಿಗಿದು ನಿಂತಿತು. ಮೆಟ್ಟಿಲ ಮೇಲೆ ಕೆಲವರು ಅದರಡಿ ನುಸುಳಿದರು, ಕೆಲವರು ದಾಟಿದರು. ಒಬ್ಬ ಹಿರಿಯರು ಇದು ಮೆಟ್ರೋದವರು ಹೊಸದಾಗಿ ಕಟ್ಟಿದ ಕ್ಯೂ ಹಗ್ಗವೆಂದು ತಿಳಿದು ಅದರ ಪಕ್ಕಕ್ಕೆ ಶಿಸ್ತಾಗಿ ನಿಂತರು. ಅವರ ಹಿಂದೆ ಇನ್ನೊಬ್ಬರು. ಸೇತುವೆಯ ತುದಿ ಮುಟ್ಟುವಷ್ಟರಲ್ಲಿ ರಾಯರ ಹಗ್ಗದ ಬಲಕ್ಕೆ ಅಚ್ಚುಕಟ್ಟಾದ ಸಾಲೊಂದು ನಡೆಯುತ್ತಿತ್ತು. ಹಿಂದಿನಿಂದ ಯಾರೋ, "ಮಧ್ಯೆ ನುಗ್ಗಬೇಡ್ರೀ, ಹಗ್ಗ ಕಾಣೋಲ್ವಾ?" ಎಂದು ಹಿಂದಿಯಲ್ಲಿ ಗದರಿದರು. ಗದರಿದ್ದು ರಾಯರನ್ನೇ.

ತಪಾಸಣೆಯ ಎಕ್ಸ್‌ರೇ ಯಂತ್ರದ ಬಳಿ ಭಾವು ಚೀಲವನ್ನು ಪಟ್ಟಿಯ ಮೇಲೆ ಒಗೆದ. ಚೀಲ ಒಳಗೆ ಹೋಯಿತು, ಬಿಲ್ಲೆಯೂ ಹೋಯಿತು, ಹುರಿ ಮೊಳ ಮೊಳವಾಗಿ ಕಪ್ಪು ಪರದೆಯೊಳಗೆ ಜಾರತೊಡಗಿತು. ಜೀವಮಾನದಲ್ಲಿ ಯಾವ ಸಂಗೀತವೂ ರಾಯರನ್ನು ಅಷ್ಟು ಬಲವಾಗಿ ಒಳಗೆಳೆದದ್ದಿಲ್ಲ. ಮೊಣಕೈವರೆಗೆ ಯಂತ್ರಕ್ಕೆ ಒಪ್ಪಿಸಿದಾಗ ಪಟ್ಟಿ ನಿಂತಿತು.

"ಹೇ ಕಾಯ್?" ಕಾವಲಿನವನು ತೆರೆಯ ಮೇಲಿನ ದುಂಡನೆಯ ಆಕೃತಿಯನ್ನೂ, ಯಂತ್ರದ ಬಾಯಲ್ಲಿ ಕೈಯಿಟ್ಟ ನಡುವಯಸ್ಸಿನ ಗೃಹಸ್ಥರನ್ನೂ ನೋಡಿದ.

"ಟಾಳ."

"ವಾಜವಾ."

ಬಾರಿಸು ಎಂದ ಮೇಲೆ ಬಾರಿಸದೆ ಇರಲಾಗುತ್ತದೆಯೇ? ರಾಯರು ಬಾರಿಸಿದರು. ಕಾವಲಿನವನ ಮುಖ ಸಿಂಡರಿಸಿತು. ಬಾಂಬಿನ ಭಯದಿಂದಲ್ಲ. ಅವನು ಸೊಲ್ಲಾಪುರದ ಕಡೆಯ, ವಿಠ್ಠಲಭಕ್ತ ವಾರಕರಿ ಮನೆತನದವನು. ಎರಡೂ ಬಿಲ್ಲೆ ಇಸಿದುಕೊಂಡು, ಎಡಗೈ ಭಾರ ಬಿಡಬೇಕು, ಬಲಗೈ ಓರೆಯಾಗಿ ಬರಬೇಕು ಎಂದು ನುಡಿಸಿ ತೋರಿಸಿದ. ಸಾಲಿನವರು ಕಾದರು. ಭಾವು ಕೊನೆಗೂ ಇಯರ್‌ಫೋನ್ ತೆಗೆದು, ನನ್ನ ಚೀಲ ಎಲ್ಲಿ ಎಂದು ಕೇಳಿದ. ಅಂದು ಬ್ಯಾಂಕಿನಲ್ಲಿ ಲೇಟ್ ಮಾರ್ಕ್. ಕಾರಣದ ಅಂಕಣದಲ್ಲಿ ರಾಯರು ಸತ್ಯವಾಗಿ ಬರೆದದ್ದು: ಮೆಟ್ರೋ ತಪಾಸಣೆ. ಮುಲುಂಡಿನಿಂದ ಫೋರ್ಟಿಗೆ ಬರುವ ದಾರಿಯಲ್ಲಿ ಮೆಟ್ರೋ ಎಲ್ಲಿ ಬಂತೆಂದು ಮ್ಯಾನೇಜರು ಈಗಲೂ ಯೋಚಿಸುತ್ತಿರಬಹುದು.

ಉಳಿದ ಕಲಾಜೀವನ ಬೇಗ ಹೇಳಿ ಮುಗಿಸಬಹುದು. ದಸರೆಗೆ ಡಬ್ಬಿಗೆ ಮಾವಿನೆಲೆ, ಚೆಂಡು ಹೂ, ಪೂಜೆ. ಗಣಪತಿಗೆ ಬೆಂಜೋ ಪಾರ್ಟಿಯ ಹಿಂದೆ ಗಂಟಲು ಹರಿಯುವಷ್ಟು ಕೂಗು; ಆ ಬೆಂಜೋ ಅಮೆರಿಕದ್ದಲ್ಲ, ಜಪಾನಿನ ತೈಶೋಗೊತೊ ಎಂಬ ವಾದ್ಯದ ವಂಶದ ನಮ್ಮ ಬುಲ್‌ಬುಲ್ ತರಂಗ್ ಎಂಬುದು ಅದರ ಮುಂದೆ ಕುಣಿಯುವವರಿಗೆ ಬೇಕಾಗಿಲ್ಲ. ಶಿವರಾತ್ರಿಗೆ, ಏಕಾದಶಿಗೆ ಜಾಗರಣೆ. ಶಬ್ದಮಾಲಿನ್ಯದ 2000ದ ನಿಯಮಗಳಂತೆ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಾಯಿ ಮುಚ್ಚಬೇಕು. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಹತ್ತರ ನಂತರ ಮೈಕಿಲ್ಲದೆ ಹಾಡುವಾಗಲೇ ಯಾರಿಗೆ ಗಂಟಲಿದೆ, ಯಾರಿಗೆ ಮೈಕಿತ್ತು ಎಂಬುದು ಸೊಸೈಟಿಗೆಲ್ಲ ಗೊತ್ತಾಗುತ್ತದೆ.

ಆದರೆ ಇನ್ನೊಂದು ಬಗೆಯ, ಮೌನದ ಜಾಗರಣೆಯೂ ರಾಯರ ಪಾಲಿಗೆ ಬಂತು. ಅದನ್ನು ಅವರು ಹುಡುಕಿಕೊಂಡು ಹೋದದ್ದಲ್ಲ.

2003ರ ಮಾರ್ಚ್ 13ರ ರಾತ್ರಿ ಕರ್ಜತ್ ಕಡೆಗೆ ಹೊರಟಿದ್ದ ಲೋಕಲ್ ಮುಲುಂಡ್ ನಿಲ್ದಾಣಕ್ಕೆ ಬರುತ್ತಿದ್ದಂತೆ ಅದರಲ್ಲಿ ಬಾಂಬ್ ಸಿಡಿಯಿತು. ಮನೆಗೆ ಮರಳುತ್ತಿದ್ದವರು, ಇಳಿಯಲು ಬಾಗಿಲಿಗೆ ಬಂದಿದ್ದವರು ಸತ್ತರು. ಮರುದಿನ ಬೆಳಿಗ್ಗೆ ಮಂಡಳಿ ಎಂದಿನ ಡಬ್ಬಿಯಲ್ಲಿ ಸೇರಿತು. ಬುವಾ ಹಾಡು ಎತ್ತಲಿಲ್ಲ. ತಾಳ ಚೀಲದಲ್ಲೇ ಉಳಿಯಿತು. ಸಿಎಸ್‌ಟಿವರೆಗೆ ಯಾರೂ ಮಾತಾಡಲಿಲ್ಲ, ಸೀಟಿಗಾಗಿಯೂ ಯಾರೂ ಜಗಳಾಡಲಿಲ್ಲ.

ಮೂರು ವರ್ಷದ ನಂತರ, 2006ರ ಜುಲೈ 11ರಂದು ಪಶ್ಚಿಮ ರೈಲ್ವೆಯ ಗಾಡಿಗಳಲ್ಲಿ ಸಾಲಾಗಿ ಏಳು ಬಾಂಬ್‌ಗಳು ಸಿಡಿದವು. ಒಂದು ವಾರ ಕಳೆದು ಜುಲೈ 18ರ ಸಂಜೆ 6.25ಕ್ಕೆ ಇಡೀ ನಗರ ಎರಡು ನಿಮಿಷ ನಿಂತಿತು. ರಾಯರು ದಾದರಿನ ಸೇತುವೆಯ ಮೇಲಿದ್ದರು. ಸೈರನ್ ಕೇಳಿದಾಗ ಪಕ್ಕದ ಹಣ್ಣಿನವಳು ಕೂಗು ನಿಲ್ಲಿಸಿದಳು. ರಾಯರ ಬೆರಳುಗಳು ತೊಡೆಯ ಮೇಲೆ ತಮ್ಮಷ್ಟಕ್ಕೆ ಆದಿತಾಳ ಹಾಕತೊಡಗಿದವು. ಬೇರೆ ಯಾವ ರೀತಿಯಲ್ಲೂ ನಿಲ್ಲಲು ಅವರಿಗೆ ಬರುತ್ತಿರಲಿಲ್ಲ. ಒಂದು ಪೆಟ್ಟು, ಮೂರು ಬೆರಳು, ಪೆಟ್ಟು, ಹುಸಿ, ಪೆಟ್ಟು, ಹುಸಿ. ಸೆಕೆಂಡಿಗೆ ಒಂದು ಅಕ್ಷರದಂತೆ ಎಂಟು ಅಕ್ಷರದ ಹದಿನೈದು ಆವರ್ತವಾದರೆ ಎರಡು ನಿಮಿಷ. ಅಂದು ಆ ಲೆಕ್ಕಕ್ಕೆ ಕೊರತೆ ಬರಲಿಲ್ಲ.

ಆಮೇಲೆ ಮೇಣದಬತ್ತಿಯ ಸಭೆಗಳೆಲ್ಲ ರಾಯರಿಗೆ ರೂಢಿಯಾದವು. 26/11ರ ಭಯೋತ್ಪಾದಕ ದಾಳಿ ಆದ ಮೇಲೆ 2008ರ ಡಿಸೆಂಬರ್ 3ರಂದು ಗೇಟ್‌ವೇ ಆಫ್ ಇಂಡಿಯಾದ ಎದುರು ಸೇರಿದ ಸಾವಿರಾರು ಜನರಲ್ಲೂ ಒಬ್ಬರಾಗಿದ್ದರು. ಅಲ್ಲಿ ಮೌನಕ್ಕಿಂತ ಸಿಟ್ಟು ಹೆಚ್ಚಿತ್ತು, ಇರಬೇಕಾದದ್ದೇ. ಸಂಗೀತ ಗೊತ್ತಿರುವವರು ಎಂಬ ಗಾಳಿಸುದ್ದಿಯ ಮೇಲೆ ಮುಲುಂಡಿನ ಸುತ್ತಮುತ್ತಲಿನ ಶಾಂತಿಸಭೆಗಳಿಗೆ ಕರೆ ಬರುತ್ತದೆ. ಬಾರಿಸಲು ಕರೆದಲ್ಲಿ ರಾಯರು ಅಷ್ಟೇನೂ ಶೋಭಿಸದಿದ್ದರೂ ಸುಮ್ಮನಿರಲು ಕರೆದಲ್ಲಿ ಅವರನ್ನು ಮೀರಿಸುವವರಿಲ್ಲ. ಮಂಡಳಿಯವರೂ ಇದನ್ನು ತುಂಬು ಮನಸ್ಸಿನಿಂದ ಒಪ್ಪುತ್ತಾರೆ.

ಕಿರಿಕಿರಿಯಾಗುವುದು ಬೇರೆಯವರಿಂದ. ಮೇಣದಬತ್ತಿಯ ಕಾಗದದ ಲೋಟದ ಮೇಲೆ ಪ್ರಾಯೋಜಕರ ಹೆಸರು ಯಾಕೆ ಬೇಕು? ಸತ್ತವರ ಹೆಸರು ಓದುವ ಮೊದಲು ವೇದಿಕೆ ಮೇಲಿನವರ ಹೆಸರು ಓದುವುದು ಯಾವ ಮರ್ಯಾದೆ? ಒಬ್ಬ ಸಂಘಟಕರಂತೂ, "ರಾಯರೇ, ಮೌನ ಬರೀ ಖಾಲಿ ಖಾಲಿ ಅನಿಸ್ತದೆ, ಹಿನ್ನೆಲೆಯಲ್ಲಿ ಹಾರ್ಮೋನಿಯಂ ಸ್ವಲ್ಪ ಇರಲಿ" ಎಂದರು. ಆ ಹೊತ್ತಿಗೆ ರಾಯರಿಗೆ 1940ರ ರೇಡಿಯೊದವರು ದೇವರಂತೆ ಕಂಡರು. ಮೌನ ಶುರುವಾದ ಮೇಲಾದರೂ ಸಮಾಧಾನ ಉಂಟೇ? ನಾಲ್ಕನೇ ಆವರ್ತ ಮುಗಿದಿರುವುದಿಲ್ಲ, ಮೈಕಿನಲ್ಲಿ "ಧನ್ಯವಾದ, ಧನ್ಯವಾದ" ಬಂದೇಬಿಡುತ್ತದೆ. ರಾಯರ ಕೈ ಹುಸಿಯಲ್ಲಿ ಅರ್ಧಕ್ಕೆ ನಿಂತಿರುತ್ತದೆ.

ಆದ್ದರಿಂದ ಶ್ರದ್ಧಾಂಜಲಿ ಸಭೆ ಏರ್ಪಡಿಸುವ ಮಹನೀಯರಲ್ಲಿ ಒಂದು ವಿನಂತಿ. ಎರಡು ನಿಮಿಷ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ ಮೇಲೆ 120 ಸೆಕೆಂಡ್ ಪೂರ್ತಿ ಬಿಡಿ. ಗಡಿಯಾರ ನೋಡುವುದು ಸಭ್ಯತೆಯಲ್ಲ ಎನಿಸಿದರೆ ತಾಳ ಹಾಕಬಲ್ಲ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಅಷ್ಟೂ ಹೊತ್ತು ನಿಲ್ಲಲು ಪುರುಸೊತ್ತಿಲ್ಲವಾದರೆ ಒಂದು ನಿಮಿಷ ಎಂದೇ ಅಚ್ಚು ಹಾಕಿಸಿ.